ಭೂಮಣ್ಣಿ ಬುಟ್ಟಿಯೊಳಗೆ ಅರ್ಜಿ ನಮೂನೆ

ಜುಲೈ

ಚಿತ್ತಾರದ ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದವರಿಗೆ: ಗೋಡೆ ಕೈಬಿಟ್ಟಾಯ್ತು, ಈಗ ಬುಟ್ಟಿ.

ಕಾಯಿಲೆಯಿಂದ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳ ವಿಷಯವನ್ನು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಬಿಳುಪಿನಲ್ಲಿ ಬರೆಯುವ ನಮ್ಮ ಹಸೆ ಚಿತ್ತಾರದಲ್ಲೇ ದೊಡ್ಡದಾಗಿ ಬರೆದು ಊರೂರಲ್ಲಿ ನಿಲ್ಲಿಸಬೇಕು ಅಂತ ಶುರು ಮಾಡಿದ್ದು. ತಲೆಯಲ್ಲಿದ್ದದ್ದು ಅಮೆರಿಕದ ಏಡ್ಸ್ ಕೌದಿ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಮೈದಾನದಲ್ಲಿ ಅದನ್ನು ಹಾಸಿದಾಗ 1,920 ತುಂಡುಗಳಿದ್ದವು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚುಕಡಿಮೆ ಒಂದು ಗೋರಿಯಷ್ಟು. ಸತ್ತವರ ಹೆಸರುಗಳನ್ನು ಅವರ ಬಳಗದವರೇ ಕೂತು ಹೊಲಿದಿದ್ದರು.

ದೊಡ್ಡಮ್ಮನಿಗೆ ಅದೇ ಅಳತೆಯ ಹಲಗೆ ತೋರಿಸಿದೆ. ಕೆಮ್ಮಣ್ಣು ಬಳಿದು ಒಣಗಿಸಿದ್ದೆ ಕೂಡ. "ಹಸೆ ಬರೆಯೋದು ಮದುವೆ ಮನೇಲಿ ಕಣೆ. ಮದುಮಕ್ಕಳು ಅದರ ಮುಂದೆ ಕೂರ್ತಾರೆ. ಸಾವಿನ ಮನೆ ಸುದ್ದೀನ ಅದ್ರಲ್ಲಿ ತುಂಬ್ತೀಯಾ? ನಾನಂತೂ ಒಂದೆಳೆ ಎಳೆಯಲ್ಲ" ಅಂದರು. ಪುಂಡಿ ನಾರಿನ ಕುಂಚ ಹಿಡಿದರೆ ಅಳತೆಕೋಲಿಲ್ಲದೆ ನೇರ ಎಳೆ ಎಳೆಯುವ ಕೈ ಅದು. ಆ ಕೈ ಬಿಟ್ಟು ನಾನೊಬ್ಬಳೇ ಬರೆದರೆ ಅದು ಚಿತ್ತಾರದಂಥ ಏನೋ ಒಂದು ಆಗುತ್ತದೆ ಅಷ್ಟೆ.

ದಾರಿ ತೋರಿಸಿದ್ದೂ ಅವರೇ. "ಭೂಮಣ್ಣಿ ಬುಟ್ಟಿ ಬರಿ. ಅದು ಬಸುರಿ ಭೂಮ್ತಾಯಿಗೆ ಊಟ ಒಯ್ಯೋದು. ಹಸಿದೋರಿಗೆ ಅಂತ ಬರೆದ್ರೆ ದೋಷ ಇಲ್ಲ."

ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಎರಡು ಬುಟ್ಟಿ ಬರೆಯುತ್ತಾರೆ, ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಜೊತೆಯಲ್ಲೇ ಗದ್ದೆಗೆ ಹೋಗುತ್ತವೆ. ನಾವು ಸಣ್ಣದನ್ನು ಮಾತ್ರ ಬರೆಯುವುದು ಅಂತ ತೀರ್ಮಾನವಾಯಿತು. ದೊಡ್ಡದು ಎಲ್ಲಿ ಅಂತ ಈ ಕಡೆಯವರು ಕೇಳಿಯೇ ಕೇಳುತ್ತಾರೆ. ಮಾತು ಅಲ್ಲಿಂದ ಶುರುವಾಗಲಿ.

ಆಗಸ್ಟ್

ಮಳೆ. ಮೇದರ ಕೇರಿಯಿಂದ ತಂದ ಬುಟ್ಟಿಗೆ ಸಗಣಿ ಬಳಿದರೆ ಒಣಗುವುದಿಲ್ಲ, ಎರಡೇ ದಿನಕ್ಕೆ ಬೂಷ್ಟು. ಕೊನೆಗೆ ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ನೇತುಹಾಕಿದೆವು. ಹೊಗೆ ಕುಡಿದು ಬುಡ ಕಪ್ಪಗಾದರೂ ಮೇಲೆ ಕೆಮ್ಮಣ್ಣು ಹಚ್ಚಿದರೆ ಕಾಣುವುದಿಲ್ಲ. ಬಿಳಿಗೆ ನೆನೆಸಿದ ಅಕ್ಕಿ ಅರೆದದ್ದು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹಬ್ಬದ ಬುಟ್ಟಿ ಒಂದು ದಿನದ ಕೆಲಸಕ್ಕಾದರೆ ಸಾಕು, ನಮ್ಮದು ಬಸ್ಸಿನಲ್ಲಿ ಓಡಾಡಬೇಕು. ಅಕ್ಕಿ ಬಿಳುಪು ಮುಟ್ಟಿದಲ್ಲೆಲ್ಲ ಉದುರುತ್ತದೆ. ಸ್ವಲ್ಪ ಫೆವಿಕಾಲ್ ಬೆರೆಸಿದ ಮೇಲೆ ನಿಂತಿತು. ದೊಡ್ಡಮ್ಮ ಆ ಬಟ್ಟಲು ಮುಟ್ಟುವುದಿಲ್ಲ, ಅವರಿಗೆ ಬೇರೆ ಬಟ್ಟಲು.

ಸೆಪ್ಟೆಂಬರ್

ಏನು ಬರೆಯುವುದು ಅನ್ನುವುದಕ್ಕಿಂತ ಏನು ಬರೆಯಬಾರದು ಅನ್ನುವುದೇ ಹೆಚ್ಚು ಹೊತ್ತು ಹಿಡಿಯಿತು. ಸಹಾಯಕ್ಕೆ ಬಂದ ಕಾಲೇಜು ಹುಡುಗಿಯರು ಮೊದಲು ಗೀಚಿದ್ದು ಕೈಚಾಚಿ ಕೂತ ಮಗು, ಕೆನ್ನೆ ಮೇಲೆ ನೀರು. ಬೇಡ ಅಂದೆ. ನೋಡಿದವರು ಅಯ್ಯೋ ಅಂದು ಮುಂದೆ ಹೋಗುತ್ತಾರೆ. ಆ ಮಗು ಮಾತ್ರ ಮರುದಿನ ಅದೇ ಊರಿನ ಶಾಲೆಯಲ್ಲಿ ಬೆಂಚಿನ ಮೇಲೆ ಕೂರಬೇಕು.

ಕಾನೂನೂ ಇದೆ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಬಯಲು ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಮ್ಮಂಥ ಊರಲ್ಲಿ ಸತ್ತವರ ಹೆಸರು ಬರೆದರೂ ಅಷ್ಟೇ, ಮಗು ಯಾರದ್ದು ಅಂತ ಮೂರು ಮೈಲಿಗೆ ಗೊತ್ತಾಗುತ್ತದೆ. ಅಮೆರಿಕದವರು ಹೆಸರೇ ಮುಖ್ಯ ಅಂತ ಹೊಲಿದರು, ನಾವು ಹೆಸರೇ ಇಲ್ಲದೆ ಬರೆಯಬೇಕು.

ಮೊದಲನೇ ಬುಟ್ಟಿ ಮಂಗನ ಕಾಯಿಲೆಯದ್ದು. ಅದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಹುಟ್ಟು-ಹೆಸರು ಪಡೆದ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆಯಿತು. ಇದನ್ನು ಹರಡುವುದು ಉಣುಗು, ರಕ್ತ ಹೀರುವ ಸಣ್ಣ ಹುಳ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ಬೇರೆ ಮೈ ಹುಡುಕುತ್ತದೆ. ಕಾಡಿಗೆ ಹೋಗುವವರು ಯಾರು? ಕೊಟ್ಟಿಗೆಗೆ ದರಗು (ಒಣಗಿದ ಎಲೆ) ಗುಡಿಸುವವರು, ಸೌದೆ ತರುವವರು, ದನ ಅಟ್ಟುವವರು. ಅಂದರೆ ಮನೆ ನಡೆಸುವ ಪ್ರಾಯದವರೇ. ಮಕ್ಕಳು ಅನಾಥರಾಗುವುದು ಹೀಗೆ.

ಬುಟ್ಟಿಯ ಸುತ್ತ ಜೋಗಿಜಡೆ ಅಂಚು, ನಡುವೆ ದರಗಿನ ಹೊರೆ ಹೊತ್ತ ಹೆಂಗಸು, ದಾರಿಯುದ್ದಕ್ಕೂ ಕರಿ ಚುಕ್ಕಿ. ಉಣುಗಿನ ಮರಿ ರಾಗಿ ಕಾಳಿನಷ್ಟಿರುತ್ತದೆ, ಆದ್ದರಿಂದ ಚುಕ್ಕಿಯನ್ನೂ ಅಷ್ಟೇ ಇಟ್ಟೆವು. ದೂರದಿಂದ ಕಾಣುವುದಿಲ್ಲ ಅಂತ ಹುಡುಗಿಯರ ತಕರಾರು. ಕಾಡಿನಲ್ಲೂ ಕಾಣುವುದಿಲ್ಲ. ಒಳಬದಿಯಲ್ಲಿ ಒಂದೇ ಸಾಲು: ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ಮನೆಯ ಮಕ್ಕಳ ಜೊತೆ ಆಡಬೇಡ ಅನ್ನುವವರು ಈಗಲೂ ಇದ್ದಾರೆ.

ಭೂಮಿ ಹುಣ್ಣಿಮೆ ಕಳೆದ ಮೇಲೆ

ಎರಡನೆಯದು ಕೋವಿಡ್. ಇಲ್ಲಿ ಚಿತ್ರಕ್ಕಿಂತ ಮಾಹಿತಿ ಮುಖ್ಯ ಅನ್ನಿಸಿತು. 2021ರ ಪಿಎಂ ಕೇರ್ಸ್ ಮಕ್ಕಳ ಯೋಜನೆ ಇದ್ದದ್ದು ಅಪ್ಪ ಅಮ್ಮ ಇಬ್ಬರನ್ನೂ, ಇಲ್ಲವೇ ಉಳಿದಿದ್ದ ಒಬ್ಬರನ್ನೂ ಕಳೆದುಕೊಂಡವರಿಗೆ. 23 ವರ್ಷ ತುಂಬಿದಾಗ 10 ಲಕ್ಷ ರೂಪಾಯಿ. ಆ ಸುದ್ದಿ ಎಷ್ಟು ಹರಡಿತೆಂದರೆ, ಇಬ್ಬರೂ ಸತ್ತರೆ ಮಾತ್ರ ಸರ್ಕಾರದ ನೆರವು ಅಂತ ಜನ ಗಟ್ಟಿಯಾಗಿ ನಂಬಿದ್ದಾರೆ. ಆದರೆ ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ನೆರವಿನಲ್ಲಿ, ವಿಧವೆಯ ಮಕ್ಕಳಿಗೂ, ಅಜ್ಜಿಯ ಅಥವಾ ಚಿಕ್ಕಪ್ಪನ ಮನೆಯಲ್ಲಿ ಬೆಳೆಯುವ ಅನಾಥರಿಗೂ ಅವಕಾಶವಿದೆ, ಕಾಯಿಲೆ ಯಾವುದೇ ಇರಲಿ. ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಾದರೆ ಕುಟುಂಬದ ವರ್ಷದ ಆದಾಯ 72,000 ಮೀರಬಾರದು. ಕೇಳಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಈ ಬುಟ್ಟಿಯಲ್ಲಿ ಮಗುವೇ ಇಲ್ಲ. ಇರುವುದು ಸುತ್ತಲಿನವರು: ಒಲೆ ಮುಂದಿನ ಅಜ್ಜಿ, ಆಶಾ ಕಾರ್ಯಕರ್ತೆ, ಮೇಷ್ಟ್ರು, ಪೋಸ್ಟಿನವ. ಅಂಚಿನ ಚುಕ್ಕಿ ಇಡುವಾಗ ದೊಡ್ಡಮ್ಮ ಸುಮ್ಮನೆ ಹೆಬ್ಬೆರಳನ್ನು ಕರಿಯಲ್ಲಿ ಅದ್ದಿ ಎರಡು ಎಳೆಗಳ ನಡುವೆ ಒತ್ತಿದರು. ಬೆರಳಿನ ಗೆರೆ, ಅಡಿಕೆ ಸುಲಿದು ಬಿದ್ದ ಗಾಯದ ಬಿಳಿ ಗೀಟು, ಎಲ್ಲ ಮೂಡಿತು. ಅರ್ಜಿಯ ಮೇಲೆ ಅಜ್ಜಿಯರು ಒತ್ತುವುದೂ ಅದನ್ನೇ. ಚುಕ್ಕಿ ಕುಂಚ ಅಲ್ಲಿಗೇ ಬಿಟ್ಟೆವು. ಉಳಿದ ಸುತ್ತನ್ನು ಕೇರಿಯ ಹೆಂಗಸರು ಬಂದು ಒತ್ತಿ ಮುಗಿಸಿದರು. ಇಡೀ ಕೆಲಸದಲ್ಲಿ ನನಗೆ ತೃಪ್ತಿ ಕೊಟ್ಟದ್ದು ಅದೊಂದೇ.

ನವೆಂಬರ್

ರೇಷನ್ ಕೊಡುವ ದಿನ ನ್ಯಾಯಬೆಲೆ ಅಂಗಡಿಯ ಜಗುಲಿಯಲ್ಲಿ ಎರಡೂ ಬುಟ್ಟಿ ಇಟ್ಟು ನೋಡಿದೆವು. ಒಳಗೆ ಅರ್ಜಿ ನಮೂನೆ, ಬೇಕಾದ ದಾಖಲೆಗಳ ಚೀಟಿ, ಮಕ್ಕಳ ಸಹಾಯವಾಣಿ 1098. "ಹುಣ್ಣಿಮೆ ಮುಗಿದು ಎಷ್ಟು ದಿನ ಆಯ್ತು ಮಾರಾಯ್ತಿ, ಈಗ ಬುಟ್ಟಿ? ದೊಡ್ಡದೆಲ್ಲಿ?" ಅಂತ ಒಬ್ಬರು ಕೇಳಿದ್ದೇ ತಡ, ಸಾಲಿನಲ್ಲಿ ನಿಂತವರೆಲ್ಲ ಈ ಕಡೆ ತಿರುಗಿದರು. ಚಿತ್ರದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಹೆಬ್ಬೆರಳು ಯಾರ್ಯಾರದ್ದು ಅಂತ ಪತ್ತೆ ಹಚ್ಚುವುದರಲ್ಲೇ ಹೆಂಗಸರಿಗೆ ಖುಷಿ. ಜನ ಕರಗಿದ ಮೇಲೆ ಒಬ್ಬಾಕೆ ಹತ್ತಿರ ಬಂದು, "ನಮ್ಮನೆಯವ್ರು ಕಿಡ್ನಿ ಹೋಗಿ ತೀರ್ಕಂಡ್ರು. ಅದಕ್ಕೂ ಬರ್ತದಾ?" ಅಂದರು. ಬರಬಹುದು ಅಕ್ಕ, ಆದಾಯ ಪ್ರಮಾಣ ಪತ್ರ ಮಾಡಿಸಿ ಅಂದೆ. ಒಂದು ಕಚೇರಿಯಲ್ಲಿ ಈ ಯೋಜನೆಯೇ ಇಲ್ಲ ಅಂತ ಅವರನ್ನು ವಾಪಸ್ ಕಳಿಸಿದ್ದರಂತೆ. ಮುಂದಿನ ಸಲ ಹೋಗುವಾಗ ಜೊತೆಗೆ ಹೋಗುತ್ತೇನೆ.

ಈಗ ಉಳಿದದ್ದು

ಉಣುಗಿನ ಕಾಲ ಶುರುವಾಗುತ್ತಿದೆ, ಬೇಸಿಗೆ ಮುಗಿಯುವವರೆಗೂ ಇರುತ್ತದೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ನಿಂತಿದೆ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳುವುದೇ ಸದ್ಯದ ದಾರಿ. ಮೊದಲನೇ ಬುಟ್ಟಿಯಲ್ಲಿ ಆ ಚೀಟಿಯನ್ನೂ ಸೇರಿಸಿ ಕಾಡಂಚಿನ ಅಂಗನವಾಡಿಗಳಿಗೆ ಕಳಿಸಬೇಕು.

ಎಚ್‌ಐವಿ ಬುಟ್ಟಿ ಇನ್ನೂ ಕೆಮ್ಮಣ್ಣಿನಲ್ಲೇ ನಿಂತಿದೆ. ಅದನ್ನು ಊರಲ್ಲಿಟ್ಟರೆ ಚೀಟಿ ಓದುವ ಮೊದಲೇ ಇದು ಯಾರ ಮನೆ ವಿಷಯ ಅಂತ ಹುಡುಕಾಟ ಶುರುವಾಗುತ್ತದೆ. ಯಾರಿಗೆ ಯಾರೂ ಗೊತ್ತಿಲ್ಲದ ಜಾಗ ಬೇಕು, ಶಿವಮೊಗ್ಗದ ಬಸ್ ನಿಲ್ದಾಣದಂಥದ್ದು. ಅನುಮತಿ ಕೇಳಿ ಪತ್ರ ಹಾಕಿದ್ದೇನೆ. ಉತ್ತರ ಬಂದರೆ ಎಳೆ ಎಳೆಯುವುದು, ಅಲ್ಲಿಯವರೆಗೆ ಬಚ್ಚಲೊಲೆಯ ಮೇಲೇ ಇರಲಿ ಅಂತ ದೊಡ್ಡಮ್ಮನ ಅಭಿಪ್ರಾಯ.