ಆಜಿಗೂ ವೈರಸ್ ಹಾಕ್ಯಾರೇನು?

ಹೋದ ಭಾನುವಾರ ರಾತ್ರಿ ಊಟ ಬಿಟ್ಟು ಲ್ಯಾಬಿಗೆ ಓಡಬೇಕಾಯಿತು. 48 ಗಂಟೆ ಮುಗಿದಿತ್ತು, ಕೋಶಗಳಲ್ಲಿ ಬೆಳೆಸಿದ ವೈರಸ್ ಎತ್ತಬೇಕಿತ್ತು. ಮಗಳನ್ನು ಎಂದಿನ ಹಾಗೆ ಎದುರು ಮನೆಯ ಆಜಿ ಹತ್ತಿರ ಬಿಟ್ಟೆ. ವಾಪಸ್ ಬಂದಾಗ ಮುಖ ಊದಿಸಿಕೊಂಡು ಕೂತಿದ್ದಳು.

"ರವಿವಾರನೂ ಏನ್ ಮಾಡ್ತಿ ಅಲ್ಲೆ?"

ಏಳು ವರ್ಷದವಳಿಗೆ ಹೇಗೆ ಹೇಳುವುದು? ಒಂದು ಜೀನ್ ಏನು ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಅದರ ಬಾಯಿ ಮುಚ್ಚಿಸಿ ನೋಡುತ್ತೇವೆ, ಅಂದೆ. ಜೀನ್ ಆರ್‌ಎನ್‌ಎ ಎಂಬ ಚೀಟಿ ಬರೆದು ಕಳಿಸುತ್ತದೆ, ಕೋಶ ಅದನ್ನು ಓದಿ ಪ್ರೋಟೀನ್ ಮಾಡುತ್ತದೆ. ನಾವು ಲೆಂಟಿವೈರಸ್ ಎಂಬ ವೈರಸ್ಸಿನ ಬೆನ್ನ ಮೇಲೆ ಒಂದು ತುಣುಕು ಸೇರಿಸಿ ಒಳಗೆ ಬಿಡುತ್ತೇವೆ. ಅದರಿಂದ ಹೇರ್‌ಪಿನ್‌ನಂತೆ ಮಡಚಿಕೊಂಡ ಆರ್‌ಎನ್‌ಎ ಹುಟ್ಟುತ್ತದೆ. ಕೋಶವೇ ಅದನ್ನು ಕತ್ತರಿಸಿ ಸುಮಾರು 21 ಅಕ್ಷರಕ್ಕೆ ಇಳಿಸುತ್ತದೆ. ಅದಕ್ಕೆ ಹೊಂದುವ ಚೀಟಿ ಕಂಡರೆ ಹರಿದುಹಾಕುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ, ಮಾತು ಮಾತ್ರ ಹೊರಗೆ ಬರುವುದಿಲ್ಲ.

(ಈ ವೈರಸ್ ಎಚ್‌ಐವಿ ಕುಲದ್ದು. ಗಾಬರಿ ಬೇಡ. ರೋಗ ತರುವ ಭಾಗ ತೆಗೆದು, ಉಳಿದದ್ದನ್ನು ಮೂರು ನಾಲ್ಕು ಪ್ಲಾಸ್ಮಿಡ್‌ಗೆ, ಅಂದರೆ ಡಿಎನ್‌ಎ ಉಂಗುರಗಳಿಗೆ, ಹಂಚಿರುತ್ತೇವೆ. ಒಳಗೆ ಹೋದದ್ದು ಮತ್ತೆ ಮರಿ ಹಾಕುವುದಿಲ್ಲ. ಆರ್‌ಎನ್‌ಎಯ ಈ ಆಟವನ್ನು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ತೋರಿಸಿದರು. 2006ಕ್ಕೆ ನೊಬೆಲ್. ಎಂಟೇ ವರ್ಷ! ನನ್ನ ಪಿಎಚ್‌ಡಿಗೇ ಏಳು ಹಿಡಿಯಿತು.)

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಂಗಾರ ಆಜಿಗೂ ಯಾರರೆ ಆ ವೈರಸ್ ಹಾಕ್ಯಾರೇನು?"

ಜೋರಾಗಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ಆಜಿ ಅಕ್ಕಲಕೋಟೆ ಕಡೆಯವರು. ತವರಿನ ಮಾತು ಕನ್ನಡ. ಹತ್ತೊಂಬತ್ತಕ್ಕೆ ಮದುವೆಯಾಗಿ ಪುಣೆಗೆ ಬಂದು ಐವತ್ತು ವರ್ಷ ದಾಟಿದೆ. ನಾವು ಪುಣೆಯ ಪಾಷಾಣ್ ಬಡಾವಣೆಯ ಈ ಬಿಲ್ಡಿಂಗಿಗೆ ಬಂದ ದಿನ, ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಮುಗಿಯುತ್ತಲೇ, "ಸಮಜ್ತೇ ಗ, ಪಣ್ ಬೋಲ್ತಾ ಯೇತ್ ನಾಹೀ" ಅಂದರು. ತಿಳೀತದ, ಆದರ ಆಡಾಕ ಬರೂದಿಲ್ಲ. ಅವರ ಮಗನಿಗೆ ತಿಳಿಯುವುದೂ ಇಲ್ಲ. ಲೆಂಟಿವೈರಸ್ಸಿನ ಗುಣವೂ ಅದೇ ನೋಡಿ, ತಾನು ತಂದದ್ದನ್ನು ಕೋಶದ ಡಿಎನ್‌ಎಗೇ ಹೊಲಿದುಬಿಡುತ್ತದೆ. ಕೋಶ ಒಡೆದು ಎರಡಾದರೆ ಮರಿಗಳಿಗೂ ಅದೇ ಮೌನ.

ಆದರೆ ಆಜಿಗೆ ಕನ್ನಡ ಆಡಬೇಡ ಅಂತ ಯಾರೂ ಹೇಳಿರಲಿಲ್ಲವಂತೆ. ಆಡುವವರು ಸಿಗಲಿಲ್ಲ, ಅಷ್ಟೇ. ಹೇಳುವವರು ನಮ್ಮ ಧಾರವಾಡದಲ್ಲಿದ್ದಾರೆ. ಅಣ್ಣನ ಮಗ ಮೊನ್ನೆ ಫೋನಿನಲ್ಲಿ ಹೇಳಿದ: "ಅತ್ತೀ, ನಮ್ ಸಾಲ್ಯಾಗ ಕನ್ನಡ ಮಾತಾಡಿದ್ರ ಹತ್ತು ರೂಪಾಯಿ ಫೈನ್. ನಾ ಇನ್ನೂತನಕ ಒಮ್ಮೆನೂ ಕೊಟ್ಟಿಲ್ಲ ನೋಡ್ರಿ!" ಎಷ್ಟು ಹೆಮ್ಮೆ ಅವನ ದನಿಯಲ್ಲಿ. ಪುಣೆಯಲ್ಲಿ ಕೂತು ಮಗಳಿಗೆ ಕಾಗುಣಿತ ತಿದ್ದಿಸುವ ನಾನು ಏನು ಹೇಳಲಿ? "ಶಾಣ್ಯಾ" ಅಂದು ಫೋನ್ ಇಟ್ಟೆ.

ನಮ್ಮ ಕೆಲಸದಲ್ಲಿ ಜೀನ್ ನೂರಕ್ಕೆ ನೂರು ಸುಮ್ಮನಾಗುವುದು ಅಪರೂಪ. ಎಂಬತ್ತು ಭಾಗ ಇಳಿದರೆ ಲ್ಯಾಬಿನಲ್ಲಿ ಚಹಾ ನನ್ನ ಲೆಕ್ಕ. ಪ್ರೋಟೀನ್ ಎಷ್ಟು ಉಳಿದಿದೆ ಅಂತ ತೋರಿಸುವ ಬ್ಲಾಟ್‌ನಲ್ಲಿ ಆಮೇಲೂ ಒಂದು ತೆಳ್ಳನೆ ಗೆರೆ ಉಳಿದಿರುತ್ತದೆ.

ಮಂಗಳವಾರ ಡಬ್ಬಿ ವಾಪಸ್ ಕೊಡಲು ಟೆರೇಸಿಗೆ ಹೋದೆ. ಆಜಿ ಹಳೇ ಸೀರೆ ಹಾಸಿ ಹಪ್ಪಳ ಹರವುತ್ತಿದ್ದರು. ನನಗೆ ಬೆನ್ನು. ಒಂದೊಂದನ್ನೇ ಇಡುತ್ತಾ ಮೆಲ್ಲಗೆ ಎಣಿಸುತ್ತಿದ್ದರು. "ಹನ್ನೊಂದ... ಹನ್ನೆರಡ... ಹದಿಮೂರ... ಹದಿನಾಕ..."

ನನ್ನ ನೆರಳು ಸೀರೆ ಮೇಲೆ ಬಿತ್ತು. ತಿರುಗಿ ನೋಡಿ ನಕ್ಕರು.

"ಪಂಧರಾ," ಅಂದು ಮುಂದಿನ ಹಪ್ಪಳ ಇಟ್ಟರು.