ಚಾರ್ಜ್‌ಬ್ಯಾಕ್ ತಕರಾರಿಗೆ ಉತ್ತರ ಬರೆಯುವ ಮುನ್ನ

ಆನ್‌ಲೈನ್ ಮಾರಾಟಗಾರರು ಚಾರ್ಜ್‌ಬ್ಯಾಕ್ ತಕರಾರಿಗೆ, ಅಂದರೆ ಕಾರ್ಡಿನಿಂದ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕ ವಾಪಸು ಕೇಳುವ ದೂರಿಗೆ, ಬರೆಯುವ ಉತ್ತರಗಳನ್ನು ಓದಿದಾಗ ನನಗೆ ಮತ್ತೆ ಮತ್ತೆ ಕಾಣುವ ಕೊರತೆ ಒಂದೇ: ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಸಣ್ಣ ವ್ಯಾಪಾರ ನಡೆಸುವ ಕೆಲವು ಗೆಳೆಯರಿಗೆ ಇಂಥ ಉತ್ತರಗಳನ್ನು ಸಿದ್ಧಪಡಿಸಲು ನೆರವಾಗುತ್ತ ಬಂದಿದ್ದೇನೆ. ಪ್ರಾಮಾಣಿಕವಾಗಿ ಮಾಲು ಕಳುಹಿಸಿದವರೂ, ಕೈಯಲ್ಲಿ ಸಾಕಷ್ಟು ದಾಖಲೆ ಇದ್ದವರೂ, ಅದನ್ನು ಎಲ್ಲಿ ಹೇಗೆ ಮುಂದಿಡಬೇಕೆಂದು ತಿಳಿಯದೆ ಹಣ ಕಳೆದುಕೊಳ್ಳುವುದನ್ನು ಕಂಡು ಸಂಕಟವಾಗುತ್ತದೆ.

ಕಾರ್ಡ್‌ದಾರರು ದೂರು ಕೊಟ್ಟಾಗ ಅವರಿಗೆ ಕಾರ್ಡ್ ನೀಡಿದ ಬ್ಯಾಂಕು, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲದ ಮೂಲಕ, ಮಾರಾಟಗಾರರ ಬ್ಯಾಂಕಿನಿಂದ ಆ ಮೊತ್ತವನ್ನು ವಾಪಸು ಪಡೆಯುತ್ತದೆ. ಮಾರಾಟಗಾರರ ಬ್ಯಾಂಕು ಅದನ್ನು ಅವರ ಖಾತೆಯಿಂದ ಮುರಿದುಕೊಂಡು, ಮೇಲೆ ಒಂದು ಶುಲ್ಕವನ್ನೂ ಹಾಕುತ್ತದೆ. ತಕರಾರಿನಲ್ಲಿ ಗೆದ್ದರೂ ಈ ಶುಲ್ಕ ಮರಳಿ ಬರದಿರುವುದೇ ಹೆಚ್ಚು. ಸೋತರಂತೂ ಮಾಲು, ಹಣ, ಸಾಗಣೆಯ ವೆಚ್ಚ, ಶುಲ್ಕ ಎಲ್ಲವೂ ಹೋದಂತೆ.

ಹಾಗೆಂದು ಈ ವ್ಯವಸ್ಥೆಯೇ ಅನ್ಯಾಯದ್ದೆಂದು ನಾನು ಒಪ್ಪುವುದಿಲ್ಲ. ಒಪ್ಪಿಕೊಂಡಂತೆ ಸರಕು ತಲುಪದಿದ್ದರೆ ಬಿಲ್ಲನ್ನು ಪ್ರಶ್ನಿಸುವ ಹಕ್ಕನ್ನು ಅಮೆರಿಕದಲ್ಲಿ 1974ರ ಕಾನೂನೇ ಕಾರ್ಡ್‌ದಾರರಿಗೆ ಕೊಟ್ಟಿತು. ಎಂದೂ ನೋಡದ ಮಾರಾಟಗಾರನಿಗೆ ಜನ ಮುಂಗಡವಾಗಿ ಹಣ ಕೊಡುವ ಧೈರ್ಯ ಮಾಡುವುದು ಇಂಥ ರಕ್ಷಣೆ ಇರುವುದರಿಂದಲೇ. ಅದನ್ನು ಸುಳ್ಳು ಹೇಳಿ ಬಳಸಿಕೊಳ್ಳುವವರು ಮೋಸ ಮಾಡುವುದು ಮಾರಾಟಗಾರರಿಗೆ ಮಾತ್ರವಲ್ಲ, ನಿಜವಾಗಿ ನೊಂದ ಕೊಳ್ಳುಗರಿಗೂ ಹೌದು.

ಪ್ರತಿ ತಕರಾರಿನ ಜೊತೆಗೆ ಒಂದು ಕಾರಣದ ಸಂಖ್ಯೆ ಬರುತ್ತದೆ. ಬ್ಯಾಂಕು ನಮಗೆ ಹಾಕುತ್ತಿರುವ ಪ್ರಶ್ನೆಯೇ ಅದು. ವೀಸಾ ಜಾಲದಲ್ಲಿ 10.4 ಎಂದಿದ್ದರೆ, ಕಾರ್ಡ್ ಎದುರಿಗಿಲ್ಲದೆ ನಡೆದ ಈ ವ್ಯವಹಾರವನ್ನು ತಾನು ಮಾಡಿಲ್ಲವೆಂದು ಕಾರ್ಡ್‌ದಾರ ಹೇಳಿದ್ದಾನೆ ಎಂದರ್ಥ. 13.1 ಎಂದರೆ ಮಾಲು ಅಥವಾ ಸೇವೆ ತಲುಪಿಲ್ಲ. 13.3 ಎಂದರೆ ತಲುಪಿದೆ, ಆದರೆ ವಿವರಣೆಯಂತೆ ಇಲ್ಲ ಅಥವಾ ದೋಷವಿದೆ. ಈ ಮೂರಕ್ಕೂ ಕೊರಿಯರ್ ರಸೀದಿಯೊಂದನ್ನೇ ಕಳುಹಿಸುವವರು ಅನೇಕರಿದ್ದಾರೆ. ಮಾಲು ಸಿಕ್ಕಿತೆಂದು ಕೊಳ್ಳುಗನೇ ಒಪ್ಪಿಕೊಂಡಿರುವ 13.3ರ ತಕರಾರಿನಲ್ಲಿ ಆ ರಸೀದಿಯಿಂದ ಸಾಬೀತಾಗುವುದು ಏನೂ ಇಲ್ಲ. ಅಲ್ಲಿ ಬೇಕಾಗುವುದು ಮಾರಾಟದ ದಿನ ಪುಟದಲ್ಲಿದ್ದ ವಿವರಣೆ, ಚಿತ್ರಗಳು, ಅಳತೆ, ವಾಪಸಾತಿಯ ಷರತ್ತು, ಕೊಳ್ಳುಗನೊಂದಿಗೆ ನಡೆದ ಪತ್ರವ್ಯವಹಾರ. ಅದಕ್ಕಿಂತ ಮುಖ್ಯವಾಗಿ, ವಸ್ತುವನ್ನು ಆತ ಹಿಂದಿರುಗಿಸಿದ್ದಾನೆಯೇ, ಕನಿಷ್ಠ ಅದಕ್ಕೆ ಪ್ರಯತ್ನಿಸಿದ್ದಾನೆಯೇ ಎಂಬುದನ್ನು ತೋರಿಸಬೇಕು. ವಾಪಸು ಕಳುಹಿಸಿ ಎಂದು ನೀವು ಬರೆದಿದ್ದು, ಆತ ಮೌನವಾಗಿದ್ದು ಬ್ಯಾಂಕಿನ ಬಳಿ ಹೋಗಿದ್ದರೆ ಆ ಪತ್ರವೇ ನಿಮ್ಮ ಅತ್ಯುತ್ತಮ ಪುರಾವೆ.

13.1ರ ತಕರಾರಿಗೆ ತಲುಪಿದ ದಿನಾಂಕ, ವಿಳಾಸ, ಸಾಧ್ಯವಾದರೆ ಸಹಿ ಇದ್ದರೆ ಸಾಕಾಗುತ್ತದೆ. ಡಿಜಿಟಲ್ ಸರಕಾದರೆ ಡೌನ್‌ಲೋಡ್ ಆದ ಸಮಯ ಮತ್ತು ಲಾಗಿನ್ ವಿವರಗಳು ಬೇಕು.

ಎಲ್ಲಕ್ಕಿಂತ ಕಠಿಣವಾದದ್ದು 10.4. ಕದ್ದ ಕಾರ್ಡ್ ಬಳಸಿದವನೂ ಪಾರ್ಸೆಲ್ ಪಡೆಯಬಲ್ಲ. ಆದ್ದರಿಂದ ಮಾಲು ತಲುಪಿತೆಂದರೆ ಕಾರ್ಡ್‌ದಾರನೇ ಕೊಂಡನೆಂದು ಆಗುವುದಿಲ್ಲ. ಆದರೆ ಹಳೆಯ ಗ್ರಾಹಕನೇ ಕೊಂಡು, ಕೊಂಡಿಲ್ಲವೆಂದು ಸುಳ್ಳು ಹೇಳುವ ಪ್ರಕರಣಗಳಿಗೆ 2023ರ ಏಪ್ರಿಲ್‌ನಲ್ಲಿ ವೀಸಾ ಜಾರಿಗೆ ತಂದ ನಿಯಮ ಮಾರಾಟಗಾರರ ಕೈ ಬಲಪಡಿಸಿದೆ. ಅದೇ ಕಾರ್ಡಿನಿಂದ ಹಿಂದೆ ನಡೆದ, ತಕರಾರಿಲ್ಲದ, 120 ದಿನಕ್ಕಿಂತ ಹಳೆಯದಾದ ಆದರೆ 365 ದಿನ ಮೀರದ ಎರಡು ವ್ಯವಹಾರಗಳನ್ನು ತೋರಿಸಬೇಕು. ಅವುಗಳಲ್ಲಿ ಕನಿಷ್ಠ ಎರಡು ವಿವರಗಳು ಈಗಿನ ವ್ಯವಹಾರದೊಂದಿಗೆ ಹೊಂದಬೇಕು, ಹೊಂದುವ ವಿವರಗಳಲ್ಲಿ ಒಂದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಅಥವಾ ಬಳಸಿದ ಸಾಧನದ ಗುರುತು ಆಗಿರಬೇಕು. ಈ ಮಾಹಿತಿಯನ್ನು ಆರ್ಡರ್ ಬಂದಾಗಲೇ ಉಳಿಸಿಕೊಳ್ಳದವರಿಗೆ ಈ ನಿಯಮದಿಂದ ಏನೂ ದಕ್ಕುವುದಿಲ್ಲ. ತಕರಾರು ಬಂದ ಮೇಲೆ ಅದನ್ನು ಎಲ್ಲಿಂದ ತರುವುದು?

ಓಟಿಪಿ ಅಥವಾ ಬ್ಯಾಂಕಿನ ಇಂಥ ಇನ್ನಾವುದೇ ದೃಢೀಕರಣ ಪೂರ್ಣಗೊಂಡಿದ್ದರೆ, 'ನಾನು ಮಾಡಿಲ್ಲ' ಎಂಬ ತಕರಾರಿನ ಹೊಣೆ ಸಾಮಾನ್ಯವಾಗಿ ಕಾರ್ಡ್ ನೀಡಿದ ಬ್ಯಾಂಕಿನ ಮೇಲೆ ಬೀಳುತ್ತದೆ. ಈ ರಕ್ಷಣೆಯನ್ನೇ ನಂಬಿ ನಿಶ್ಚಿಂತರಾಗಿರುವ ಮಾರಾಟಗಾರರಿಗೆ ಒಂದು ಮಾತು ಹೇಳಲೇಬೇಕು: ಮಾಲು ಬಂದಿಲ್ಲ, ಮಾಲು ಸರಿಯಿಲ್ಲ ಎಂಬ ದೂರುಗಳಿಗೆ ಓಟಿಪಿ ಅಡ್ಡ ಬರುವುದಿಲ್ಲ.

ತಕರಾರು ಹೂಡಿದವರೆಲ್ಲ ವಂಚಕರಲ್ಲ. ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರಿನ ಬದಲು ಯಾವುದೋ ಅಪರಿಚಿತ ಕಂಪನಿಯ ಹೆಸರು ಕಂಡು ಗಾಬರಿಯಾದವರು, ಮನೆಯ ಮಕ್ಕಳು ಮಾಡಿದ ಖರೀದಿ ಗೊತ್ತಿಲ್ಲದವರು ಅವರಲ್ಲಿರುತ್ತಾರೆ. ಗ್ರಾಹಕರಿಗೆ ಪರಿಚಿತವಾದ ಹೆಸರೇ ಅಲ್ಲಿ ಮೂಡುವಂತೆ ಮಾಡಿಕೊಂಡರೆ ಇಂಥವು ಬಹಳಷ್ಟು ತಪ್ಪುತ್ತವೆ. ನಿಜವಾದ ಮೋಸಗಾರರ ದಾರಿ ಬೇರೆ. ಹೊಸ ವಸ್ತು ಇಟ್ಟುಕೊಂಡು ಹಳೆಯದನ್ನು ವಾಪಸು ಕಳುಹಿಸುವುದು, ಖಾಲಿ ಪೆಟ್ಟಿಗೆ ಬಂತೆನ್ನುವುದು, ಹೆಚ್ಚು ಹಣ ಪಾವತಿಸಿ ಉಳಿದದ್ದನ್ನು ಇನ್ನೊಂದು ಖಾತೆಗೆ ಹಾಕಿ ಎಂದು ಒತ್ತಾಯಿಸುವುದು ಅವರ ಪರಿಪಾಠ. ಈ ಕೊನೆಯದಕ್ಕೆ ಎಂದೂ ಒಪ್ಪಬಾರದು. ಹಣ ಬಂದ ಕಾರ್ಡಿಗೇ ಹಿಂದಿರುಗಬೇಕು. ಉಳಿದವುಗಳಿಗೆ ಪ್ಯಾಕ್ ಮಾಡುವಾಗಿನ ವಿಡಿಯೊ, ವಸ್ತುವಿನ ಸೀರಿಯಲ್ ನಂಬರು, ಕೊರಿಯರ್‌ನವರು ದಾಖಲಿಸಿದ ತೂಕ ಸಹಾಯಕ್ಕೆ ಬರುತ್ತವೆ. ತೂಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅದು ಎರಡೂ ಕಡೆಯವರಲ್ಲದ ಮೂರನೆಯವರು ಬರೆದಿಟ್ಟ ಲೆಕ್ಕ.

ತಕರಾರು ದಾಖಲಾದ ಮೇಲೆ ಗ್ರಾಹಕರು ಕರೆ ಮಾಡಿ ಕೇಳಿದರೆಂದು ಪ್ರತ್ಯೇಕವಾಗಿ ರೀಫಂಡ್ ಮಾಡಬೇಡಿ. ಒಂದೇ ಮೊತ್ತ ಎರಡು ಬಾರಿ ಹೋಗುವ ಅಪಾಯವಿದೆ. ಗಡುವನ್ನೂ ಮೀರಬೇಡಿ. ಜಾಲದ ನಿಯಮದಲ್ಲಿ ಇರುವ ಅವಧಿಗಿಂತ ನಿಮ್ಮ ಪಾವತಿ ಸಂಸ್ಥೆ ಕೊಡುವ ಅವಧಿ ಕಡಿಮೆ ಇರುತ್ತದೆ, ಉತ್ತರಿಸದಿದ್ದರೆ ಸೋಲೊಪ್ಪಿದಂತೆಯೇ.

ಉತ್ತರವನ್ನು ಓದುವವರು ನಿಮ್ಮನ್ನಾಗಲಿ ನಿಮ್ಮ ಅಂಗಡಿಯನ್ನಾಗಲಿ ಎಂದೂ ಕಂಡವರಲ್ಲ. ಕೊಳ್ಳುಗನ ನಡತೆಯ ಬಗೆಗಿನ ನಿಮ್ಮ ಸಿಟ್ಟು ನ್ಯಾಯವಾದದ್ದೇ ಆಗಿದ್ದರೂ ಅದನ್ನು ಆ ಪುಟದಲ್ಲಿ ತುಂಬುವುದರಿಂದ ಪ್ರಯೋಜನವಿಲ್ಲ. ಏನು ಮಾರಿದೆ, ಯಾವಾಗ ಕಳುಹಿಸಿದೆ, ಯಾವಾಗ ತಲುಪಿತು, ಆತ ಏನೆಂದ ಎಂಬುದನ್ನು ದಿನಾಂಕದ ಕ್ರಮದಲ್ಲಿ ಒಂದೇ ಪುಟದಲ್ಲಿ ಬರೆದು, ಪ್ರತಿ ಮಾತಿನ ಎದುರು ಅದಕ್ಕೆ ಸಂಬಂಧಿಸಿದ ದಾಖಲೆಯ ಸಂಖ್ಯೆ ಕೊಡಿ.

ಪ್ರತಿಯೊಂದಕ್ಕೂ ಹೋರಾಡಬೇಕೆಂದೂ ಇಲ್ಲ. ತಪ್ಪು ನಿಮ್ಮದಾಗಿದ್ದರೆ ಬ್ಯಾಂಕಿನವರೆಗೆ ಹೋಗುವ ಮೊದಲೇ ಹಣ ಮರಳಿಸುವುದು ಸರಿಯಾದದ್ದೂ ಹೌದು, ಲಾಭದ್ದೂ ಹೌದು. ಒಬ್ಬ ಮಾರಾಟಗಾರರ ಮೇಲಿನ ತಕರಾರುಗಳ ಪ್ರಮಾಣವನ್ನು ಕಾರ್ಡ್ ಜಾಲಗಳು ಅಳೆಯುವಾಗ ಗೆದ್ದವನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತವೆ. ಪ್ರಮಾಣ ಮಿತಿಮೀರಿ ಕಾರ್ಡ್ ಪಾವತಿ ಪಡೆಯುವ ಖಾತೆ ರದ್ದಾದರೆ, ಹಾಗೆ ಖಾತೆ ರದ್ದಾದವರ ಬಗ್ಗೆ ಮಾಸ್ಟರ್‌ಕಾರ್ಡ್ ಇಟ್ಟುಕೊಂಡಿರುವ ಪಟ್ಟಿಗೆ ವ್ಯಾಪಾರದ ಹೆಸರು ಸೇರಬಹುದು, ಸೇರಿದರೆ ಐದು ವರ್ಷ ಅಲ್ಲಿಯೇ ಉಳಿಯುತ್ತದೆ. ಆ ಅವಧಿಯಲ್ಲಿ ಬೇರೆ ಬ್ಯಾಂಕುಗಳು ಖಾತೆ ತೆರೆಯಲು ಹಿಂಜರಿಯುತ್ತವೆ.

ಮೋಸ ಮಾಡಿದ ಕೊಳ್ಳುಗರ ಹೆಸರು, ಫೋನ್ ನಂಬರುಗಳನ್ನು ಮಾರಾಟಗಾರರು ಗುಂಪುಗಳಲ್ಲಿ ಹಂಚಿಕೊಳ್ಳುವುದನ್ನು ನಾನು ವಿರೋಧಿಸುತ್ತೇನೆ. ಕದ್ದ ಕಾರ್ಡಿನ ಪ್ರಕರಣದಲ್ಲಿ ಆ ಹೆಸರು ವಂಚನೆಗೊಳಗಾದ ಕಾರ್ಡ್‌ದಾರನದೇ ಆಗಿರಬಹುದು. ನಿಮ್ಮ ಅಂಗಡಿಯ ಮಟ್ಟಿಗೆ ಆ ವಿಳಾಸದ ಮುಂದಿನ ಆರ್ಡರನ್ನು ತಡೆದು ಪರಿಶೀಲಿಸುವ ಅಧಿಕಾರ ನಿಮಗಿದೆ. ಅಷ್ಟನ್ನು ಮಾಡಿ.