ಅವರದು ಸರೋದ್

ನಿನ್ನೆ ರಾತ್ರಿ ಕಲಬುರಗಿಯಲ್ಲಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಕೂತು ಸುಮ್ನೆ ಫೋನಿನಲ್ಲಿ ರಾಜೀವ ತಾರಾನಾಥರ ಹೆಸರು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಎಐ ಬರೆದ ಉತ್ತರ ಬಂತು. ಹೆಸರಾಂತ ಸಿತಾರ್ ವಾದಕರು ಅಂತ ಇತ್ತು.

ಎದೆ ಚುರ್ ಅಂದಿತು. ಅವರದು ಸರೋದ್. ಅಲಿ ಅಕ್ಬರ್ ಖಾನರ ಶಿಷ್ಯರು. ನಮ್ಮ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ.

ಕೆಳಗಿಳಿದು ಟಾರ್ಚ್ ಹಿಡಿದು ಅಪ್ಪನ ಟ್ರಂಕ್ ತೆಗೆದೆ. ಪೇಪರಿನಿಂದ ಕತ್ತರಿಸಿ ಇಟ್ಟ ತುಂಡು ಅಲ್ಲೇ ಇತ್ತು. ಅಂಚು ಹಳದಿಯಾಗಿದೆ, ನುಸಿಗುಳಿಗೆಯ ವಾಸನೆ. ರಾಜೀವ ತಾರಾನಾಥರು ತೀರಿಕೊಂಡದ್ದು 2024ರ ಜೂನ್ 11, ಮೈಸೂರಿನಲ್ಲಿ, 91ನೇ ವಯಸ್ಸಿಗೆ. ಗುರುಗಳು ಹೋದದ್ದೂ ಜೂನ್‌ನಲ್ಲೇ, 2009ರ 18ರಂದು. ಆ ಎರಡೂ ದಿನ ಅಪ್ಪ ಸರಿಯಾಗಿ ಊಟ ಮಾಡಿರಲಿಲ್ಲ.

ಅದೇ 2024ರ ಡಿಸೆಂಬರ್‌ನಲ್ಲಿ ತಬಲಾ ವಾದಕ ಜಾಕಿರ್ ಹುಸೇನರೂ ಹೋದರು. ಇನ್ನೂ ಉಸಿರಿದೆ ಎಂದು ಅವರ ಮನೆಯವರು ಹೇಳುತ್ತಿದ್ದಾಗಲೇ ಸಾವಿನ ಸುದ್ದಿ ಎಲ್ಲ ಕಡೆ ಓಡಾಡಿತ್ತು. ಆಗಲೂ ಹೀಗೇ ಸಂಕಟ ಆಗಿತ್ತು. ಹೋದವರು ತಾವೇ ಬಂದು ತಿದ್ದೋಕೆ ಆಗಲ್ಲ, ಅಲ್ವಾ?

ಉತ್ತರದ ಕೆಳಗೆ ತಪ್ಪು ಅಂತ ಗುರುತು ಮಾಡಿ, ಸರಿಯಾದದ್ದು ಬರೆದು ಕಳಿಸಿದೆ. ಕರೆಂಟ್ ಬಂದ ಮೇಲೆ ಅಪ್ಪ ಸರೋದ್ ಕ್ಯಾಸೆಟ್ ಹಚ್ಚಿದರು.